ಅಂಗಿ ಗುಂಡಿ ಕೊಲ್ಲುವ ಮಾಮಾ

ನಮ್ಮ ಮಾಮಾ ಇಷ್ಟು ವರ್ಷದಲ್ಲಿ ಒಂದು ಇರುವೆಯನ್ನೂ ಕೊಂದವರಲ್ಲ. ಬಚ್ಚಲಲ್ಲಿ ಜಿರಲೆ ಕಂಡರೆ, ಅದು ತಾನಾಗಿ ಹೊರಟುಹೋಗುವ ತನಕ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಕಾಯುತ್ತಾರೆ. ಆದರೆ ಅಂಗಿಯ ಬಿಳಿ ಗುಂಡಿಗಳ ವಿಷಯಕ್ಕೆ ಬಂದರೆ ಅವರಷ್ಟು ದೊಡ್ಡ ಕೊಲೆಗಾರ ಇಡೀ ಕಲಬುರಗಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಸುತ್ತುವರಿದು, ದಾರಿ ಕಟ್ಟಿ, ಉಸಿರುಗಟ್ಟಿಸಿ, ಒಂದೊಂದಾಗಿ ಎತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಹಾಕುವಾಗ ಟಣ್ ಎಂದು ಸದ್ದಾಗಬೇಕು. ಆಗದಿದ್ದರೆ ಅದೇ ಗುಂಡಿಯನ್ನು ಮತ್ತೆ ತೆಗೆದು ಮತ್ತೆ ಹಾಕುತ್ತಾರೆ! ಒಂದೇ ಜೀವವನ್ನು ಎರಡು ಸಲ ಕೊಲ್ಲುವವರನ್ನು ನೀವು ಬೇರೆ ಎಲ್ಲಾದರೂ ಕಂಡಿದ್ದೀರಾ?

ಮಾಮಾ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೇ ಕರೆಯುವುದು. ಹೆಸರು ಹೇಳುವುದಿಲ್ಲ, ಅವರಿಗೆ ಸಂಕೋಚ ಜಾಸ್ತಿ. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್. ಅಕ್ಕ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಮಕ್ಕಳಿರಲಿಲ್ಲ. ಜೇವರ್ಗಿ ಕಾಲೋನಿಯಲ್ಲಿ ಇಬ್ಬರದೂ ಒಂದು ಸಣ್ಣ ಮನೆ. ನಾನು ಮದುವೆಯಾಗಿ ಹೋದದ್ದು ಮಾಮಾನ ಹುಟ್ಟೂರು ಕಮಲಾಪುರಕ್ಕೆ, ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಭಾನುವಾರ ಬಂತೆಂದರೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು ನನ್ನ ರೂಢಿ. ಇದನ್ನು ನಗುವ ಕಥೆಯಾಗಿಯೇ ಹೇಳಬೇಕೆಂದು ಕುಳಿತಿದ್ದೇನೆ. ಎಷ್ಟು ದೂರ ನಗು ಜೊತೆಗೆ ಬರುತ್ತದೋ ನೋಡೋಣ.

ಗುಂಡಿಯ ಕಥೆ ಶುರುವಾದದ್ದು ಅಕ್ಕನಿಂದ. ಒಮ್ಮೆ ಹತ್ತು ದಿನದ ತರಬೇತಿಗೆಂದು ಬೇರೆ ಊರಿಗೆ ಹೋದವಳು, ಅಲ್ಲಿ ಯಾರೋ ಉಪನ್ಯಾಸಕಿಯಿಂದ ‘ಗೋ’ ಎಂಬ ಆಟ ಕಲಿತು ಬಂದಳು. ಚೀನಾ, ಜಪಾನಿನ ಕಡೆಯ ಹಳೆಯ ಆಟವಂತೆ. ಅಡ್ಡ ಹತ್ತೊಂಬತ್ತು ಗೆರೆ, ಉದ್ದ ಹತ್ತೊಂಬತ್ತು ಗೆರೆ. ಒಬ್ಬರಿಗೆ ಕಪ್ಪು ಕಲ್ಲು, ಇನ್ನೊಬ್ಬರಿಗೆ ಬಿಳಿ. ಗೆರೆ ಕೂಡುವ ಜಾಗದಲ್ಲಿ ಒಂದೊಂದೇ ಕಲ್ಲು ಇಡುತ್ತ ಹೋಗಬೇಕು. ಖಾಲಿ ಜಾಗಕ್ಕೆ ಬೇಲಿ ಹಾಕಿದಂತೆ ಯಾರು ಹೆಚ್ಚು ಸುತ್ತುವರಿಯುತ್ತಾರೋ ಅವರು ಗೆದ್ದರು. ನಡುವೆ ಎದುರಾಳಿಯ ಕಲ್ಲುಗಳನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿದರೆ ಅವು ಸತ್ತಂತೆ, ಎತ್ತಿ ಹೊರಗಿಡಬಹುದು. ಇಷ್ಟೇ ಆಟ. ಕೊಲ್ಲಲೇಬೇಕೆಂದು ಎಲ್ಲೂ ಇಲ್ಲ.

ಕಲಬುರಗಿಯಲ್ಲಿ ಆ ಕಲ್ಲುಗಳನ್ನು ಎಲ್ಲಿಂದ ತರುವುದು? ಕಪ್ಪಿಗೆ ಹುಣಸೆ ಬೀಜ ಆಯಿತು. ಬಿಳಿಗೆ ಅಕ್ಕ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ದರ್ಜಿಗಳ ಸಾಮಾನು ಮಾರುವ ಅಂಗಡಿಗೆ ಹೋಗಿ ಇನ್ನೂರು ಬಿಳಿ ಗುಂಡಿ ಕೇಳಿದಳು. ಅಂಗಡಿಯವನು ಎಷ್ಟು ಅಂಗಿ ಹೊಲಿಯಲಿದ್ದೀರೆಂದು ಕೇಳಿದನಂತೆ. ಒಂದೂ ಇಲ್ಲ ಎಂದದ್ದಕ್ಕೆ ಅವನು ಎಣಿಸುವುದನ್ನು ನಿಲ್ಲಿಸಿ ಇವಳ ಮುಖವನ್ನೇ ನೋಡಿದನಂತೆ. ಮಣೆಯನ್ನು ಮಾಮಾ ತಾವೇ ಮಾಡಿದರು. ಶಹಾಬಾದಿ ಕಲ್ಲಿನ ಒಂದು ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ತಂದು, ಫುಟ್‌ಪಟ್ಟಿ ಇಟ್ಟು, ಮೊಳೆಯಿಂದ ಗೆರೆ ಕೊರೆದರು. ಮೂರು ಭಾನುವಾರ ಹಿಡಿಯಿತು. ಒಂದು ಗೆರೆ ಕೂದಲೆಳೆಯಷ್ಟು ವಾರೆಯಾಯಿತೆಂದು ಫರಸಿಯನ್ನು ತಿರುವಿ ಹಾಕಿ ಹಿಂಬದಿಯಲ್ಲಿ ಮೊದಲಿಂದ ಕೊರೆದರು. ಸರ್ಕಾರಿ ನಕಾಶೆಯಲ್ಲೂ ಇಷ್ಟು ನಿಖರತೆ ಇರುವುದಿಲ್ಲವೆಂದು ಅವರೇ ಹೇಳಿಕೊಂಡರು. ಸ್ವಂತ ಇಲಾಖೆಯ ಬಗ್ಗೆ ಅಷ್ಟು ಪ್ರಾಮಾಣಿಕರು!

ಆದರೆ ಆಟಕ್ಕೆ ಕುಳಿತ ಕ್ಷಣದಿಂದ ಈ ಮನುಷ್ಯ ಬೇರೆಯೇ. ಜೀವನವಿಡೀ ಇನ್ನೊಬ್ಬರ ಗಡಿ ಕಾಯ್ದವರಿಗೆ ಮಣೆಯ ಮೇಲೆ ಗಡಿ ಎಂಬುದೇ ಕಾಣದು. ಅಕ್ಕ ಮೂಲೆಯಲ್ಲೊಂದು ಗುಂಡಿ ಇಟ್ಟು ಇನ್ನೂ ಕೈ ತೆಗೆದಿರುವುದಿಲ್ಲ, ಇವರ ಹುಣಸೆ ಬೀಜ ಅದರ ಕುತ್ತಿಗೆಗೆ ಬಂದು ಕುಳಿತಿರುತ್ತದೆ. ಕಿವಿ ಕೆಂಪಾಗುತ್ತದೆ, ಕುತ್ತಿಗೆಯ ನರ ಎದ್ದು ಕಾಣುತ್ತದೆ. ಒಂದು ಗುಂಡಿ ತಪ್ಪಿಸಿಕೊಂಡು ಓಡಿದರೆ ಮಣೆಯ ಈ ಮೂಲೆಯಿಂದ ಆ ಮೂಲೆಯ ತನಕ ಬೆನ್ನು ಹತ್ತಿ ಹೋಗುತ್ತಾರೆ. ತಮ್ಮ ಮನೆಯ ಬಾಗಿಲು ತೆರೆದೇ ಬಿಟ್ಟುಬಂದದ್ದು ನೆನಪಿರುವುದಿಲ್ಲ. ಅಕ್ಕ ಅವಸರವಿಲ್ಲದೆ ಅಲ್ಲಿ ಹೊಕ್ಕು ಬೇಲಿ ಹಾಕಿಕೊಳ್ಳುತ್ತಾಳೆ. ಕೊನೆಗೆ ಲೆಕ್ಕ ಹಾಕಿದರೆ ಮಾಮಾ ಹದಿನೆಂಟು ಗುಂಡಿ ಕೊಂದಿರುತ್ತಾರೆ, ಅಕ್ಕ ಎರಡೋ ಮೂರೋ ಮನೆ ಹೆಚ್ಚಿಗೆ ಪಡೆದು ಗೆದ್ದಿರುತ್ತಾಳೆ. ಡಬ್ಬಿ ತೋರಿಸಿ ಮಾಮಾ ವಾದಕ್ಕೆ ಇಳಿದರೆ ಅಕ್ಕನದು ಒಂದೇ ಉತ್ತರ:

“ನೀವ್ ಹೆಣಾ ಎಣಸ್ರಿ. ನಾ ಹೊಲಾ ಎಣಸ್ತೀನಿ.”

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಒಮ್ಮೆ ಆಸೆಪಟ್ಟು ಕಲಿಯಲು ಬಂದರು. ಮಾಮಾ ಅವರಿಗೆ ತಮ್ಮ ದಿಂಬು ಕೊಟ್ಟರು, ಚಹಾ ಕೊಟ್ಟರು, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದು ಎರಡು ಸಲ ಕೇಳಿದರು. ಹೊಸಬರೆಂದು ಮೊದಲೇ ಒಂಬತ್ತು ಗುಂಡಿ ಇಟ್ಟುಕೊಳ್ಳಲೂ ಬಿಟ್ಟರು. ಮುಕ್ಕಾಲು ಗಂಟೆಯಲ್ಲಿ ಆ ಒಂಬತ್ತೂ ಸೇರಿ ಮಣೆಯ ಮೇಲೆ ಬಿಳಿ ಎಂಬುದೇ ಉಳಿಯಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಕೇಳಿದರು: “ನಾ ನಿಮಗ ಏನ್ ತಪ್ಪ ಮಾಡಿದ್ದೆ ರೀ?” ಮರುದಿನದಿಂದ ಅವರ ಬೆಳಗಿನ ವಾಕಿಂಗ್ ಹಿಂದಿನ ರಸ್ತೆಗೆ ಬದಲಾಯಿತು.

ಇದಾದ ಮೇಲೆ ಅಕ್ಕ ಗಂಡನನ್ನು ತಿದ್ದಲು ಹೊರಟಳು. ಗೆಲ್ಲಬೇಕೆಂದಲ್ಲ, ಗೆಲ್ಲುತ್ತಿದ್ದವಳು ಅವಳೇ. ಒಂದೇ ಥರ ತಪ್ಪುವ ವಿದ್ಯಾರ್ಥಿಯನ್ನು ಕಂಡರೆ ಅವಳ ಒಳಗಿನ ಉಪನ್ಯಾಸಕಿಗೆ ನಿದ್ದೆ ಬರುತ್ತಿರಲಿಲ್ಲ. ಮೊದಲ ಮದ್ದು ನೀರು. ಮೈಮೇಲೆ ಏರಿ ಹೋಗಬೇಕೆನಿಸಿದಾಗಲೆಲ್ಲ ಒಂದು ಗುಟುಕು ನೀರು ಕುಡಿದು, ಆಮೇಲೆ ಬೀಜ ಇಡಬೇಕು. ಮಾಮಾ ವಿಧೇಯರಾಗಿ ಒಪ್ಪಿದರು. ಒಂದೇ ಆಟದಲ್ಲಿ ಮೂರು ತಂಬಿಗೆ ನೀರು ಖಾಲಿ ಮಾಡಿ, ನಾಲ್ಕು ಸಲ ಎದ್ದುಹೋಗಿ ಬಂದು, ಇಪ್ಪತ್ತೆರಡು ಗುಂಡಿ ಕೊಂದರು.

ಎರಡನೆಯ ಮದ್ದು ಕಾರಣ ಹೇಳುವುದು. ಪ್ರತಿ ದಾಳಿಗೂ ಮೊದಲು ಅದು ಯಾಕೆ ಬೇಕೆಂದು ಬಾಯಿಬಿಟ್ಟು ಹೇಳಬೇಕು. ಆ ಭಾನುವಾರ ನಾನು ಅಲ್ಲೇ ಇದ್ದೆ. ಮಾಮಾ ಬೀಜ ಎತ್ತಿದರು. ಅಕ್ಕ ಯಾಕೆಂದಳು. ಮಾಮಾ ಅವಳ ಗುಂಡಿಯನ್ನೇ ದಿಟ್ಟಿಸಿ, ಬಹಳ ಯೋಚಿಸಿ, “ಅದು ಅಲ್ಲಿ ಸುಮ್ನ ಕುಂತದ. ನನಗ ನೋಡಾಕ ಆಗವಲ್ದು,” ಎಂದರು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಿಯಮದ ಪ್ರಕಾರ ಕಾರಣ ಹೇಳಿಯಾಗಿತ್ತು, ಗುಂಡಿ ಸತ್ತಿತು.

ಹಾಗೆಂದು ಅವರು ಒಳಗೊಳಗೇ ಕ್ರೂರಿ ಎಂದುಕೊಳ್ಳಬೇಡಿ. ಒಮ್ಮೆ ನಮ್ಮ ಶಾಲೆಯ ಹಿಂದಿನ ಹೊಲ ಅಳೆಯಲು ಕಮಲಾಪುರಕ್ಕೆ ಬಂದಿದ್ದರು. ಅಲ್ಲಿ ಇಬ್ಬರು ದಾಯಾದಿಗಳ ನಡುವೆ ಒಂದು ಬದುವಿನ ಜಗಳ. ಬದುವಿನ ಮೇಲೆ ಬಾಳೆಯ ಗಿಡಗಳು, ಅವು ಯಾರವೆಂದು ಮೂರು ವರ್ಷದಿಂದ ಮಾತಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿತ್ತು, ನಾನು ಕಾಂಪೌಂಡಿನ ಹತ್ತಿರ ನಿಂತು ನೋಡಿದೆ. ಮಾಮಾ ಸರಪಳಿ ಹಿಡಿದು ಬಿಸಿಲಲ್ಲಿ ಎರಡು ಸಲ ಅಳೆದರು. ಒಬ್ಬನು ಕೂಗಾಡಿದ, ಇವರು ಕೇಳಿಸಿಕೊಂಡರು. ಇನ್ನೊಬ್ಬನು ಕೂಗಾಡಿದ, ಅದನ್ನೂ ಕೇಳಿಸಿಕೊಂಡರು. ಇಬ್ಬರೂ ಸುಸ್ತಾದ ಮೇಲೆ ಗೆರೆ ಎಲ್ಲಿ ಬರುತ್ತದೆಂದು ತೋರಿಸಿ, ಗಿಡಗಳನ್ನು ಒಂದು ಬಿಟ್ಟು ಒಂದು ಹಂಚಿಕೊಳ್ಳಲು ಹೇಳಿದರು. ಹೊರಡುವಾಗ ಇಬ್ಬರೂ ಸೇರಿಯೇ ಅವರನ್ನು ರಸ್ತೆಯ ತನಕ ಕಳಿಸಿ, ಸಾಹೇಬರು ಬಂಗಾರದಂಥವರೆಂದು ಹೊಗಳಿದರು. ಬಂಗಾರದಂಥ ಸಾಹೇಬರು ಅಂದು ಸಂಜೆ ನಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಹಣ್ಣು ತಿಂದು, ನಾನು ಆಟ ಕಲಿಯಲೆಂದು ರಟ್ಟಿನ ಮೇಲೆ ಗೆರೆ ಎಳೆದಿಟ್ಟಿದ್ದ ಮಣೆಯಲ್ಲಿ ನನ್ನ ಮೂವತ್ತೊಂದು ಗುಂಡಿ ಕೊಂದರು.

ಇಲ್ಲಿಯ ತನಕ ನಗು ಬಂತು. ಇನ್ನು ಸ್ವಲ್ಪ ಕಷ್ಟ.

ಅಕ್ಕನಿಗೆ ಹೊಟ್ಟೆನೋವು ಶುರುವಾದದ್ದು ಪರೀಕ್ಷೆಯ ಮೌಲ್ಯಮಾಪನದ ದಿನಗಳಲ್ಲಿ. ಉತ್ತರಪತ್ರಿಕೆ ಮುಗಿಯಲಿ ಎಂದು ತಳ್ಳಿದಳು. ಆಮೇಲೆ ಫಲಿತಾಂಶ ಬರಲಿ ಎಂದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಡ್ಡೆ ದೊಡ್ಡದಾಗಿತ್ತು. ಶಸ್ತ್ರಚಿಕಿತ್ಸೆ ಆಯಿತು, ಕಿಮೋ ಶುರುವಾಯಿತು. ಇಪ್ಪತ್ತೊಂದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಎರಡು ರಾತ್ರಿ. ಫರಸಿಯನ್ನು ಹೊತ್ತೊಯ್ಯಲು ಆಗುತ್ತದೆಯೇ? ಮಾಮಾ ಒಂದು ರೆಗ್ಜಿನ್ ತುಂಡಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಸುತ್ತಿ ಒಯ್ದರು. ಕೈಗೆ ಸಲೈನ್ ಚುಚ್ಚಿಕೊಂಡು ಅಕ್ಕ ಎಡಗೈಯಿಂದ ಗುಂಡಿ ಇಡುತ್ತಿದ್ದಳು. ಮಾಮಾ ಎಂದಿನಂತೆ ಕಿವಿ ಕೆಂಪು ಮಾಡಿಕೊಂಡು ಬೆನ್ನು ಹತ್ತುತ್ತಿದ್ದರು. ಟಣ್ ಎನ್ನುವ ಡಬ್ಬಿಯನ್ನು ನರ್ಸಮ್ಮ ನಿಷೇಧಿಸಿದ್ದರಿಂದ ಸತ್ತ ಗುಂಡಿಗಳು ಅವರ ಅಂಗಿಯ ಜೇಬು ಸೇರುತ್ತಿದ್ದವು.

ವಾರ್ಡಿನಲ್ಲಿ ಮಾಮಾನ ಹೆಸರು ಬಲು ಬೇಗ ಕೆಟ್ಟಿತು. ಪಕ್ಕದ ಮಂಚದಲ್ಲಿ ಆಳಂದದ ಕಡೆಯ ಒಬ್ಬ ಮುದುಕಿ ಇದ್ದಳು. ಎರಡು ದಿನ ನೋಡಿ, ತಡೆಯಲಾರದೆ, ಎಲ್ಲರಿಗೂ ಕೇಳುವಂತೆ ಅಂದಳು: “ಎಂಥಾ ಗಂಡಸೋ ಯವ್ವಾ. ಬ್ಯಾನಿ ಬಿದ್ದ ಹೇಂತಿಗಿ ಒಂದ್ ಆಟನೂ ಬಿಟ್ಟ ಕೊಡವಲ್ಲ.” ಅಕ್ಕ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಆ ದಿನವೂ ಗೆದ್ದವಳು ಅವಳೇ ಎಂಬುದನ್ನು ಮುದುಕಿ ಕಡೆಯ ತನಕ ನಂಬಲಿಲ್ಲ.

ಆದರೆ ಮುದುಕಿಯ ಮಾತು ನನ್ನ ತಲೆ ಹೊಕ್ಕಿತು. ಅಕ್ಕನ ಕೂದಲು ಹೋಗಿತ್ತು, ಕೆನ್ನೆ ಒಳಗೆ ಹೋಗಿತ್ತು, ಒಂದು ಗುಂಡಿ ಇಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ಅಂಥವಳನ್ನು ಈ ಮನುಷ್ಯ ಮೂಲೆಗೆ ಒತ್ತಿ ಒತ್ತಿ ಹಿಡಿಯುವುದನ್ನು ನೋಡಿ ನನಗೆ ಸಿಟ್ಟು ಬಂತು. ಮಾಮಾನನ್ನು ವರಾಂಡಕ್ಕೆ ಕರೆದು ಹೇಳಿದೆ. ಆಟವಾದರೇನಾಯಿತು, ಸ್ವಲ್ಪ ಕೈ ತಡೆದು ಆಡಿ, ಅಕ್ಕನಿಗೆ ಹಾಯಾಗಿ ನಾಲ್ಕು ಗುಂಡಿ ಇಟ್ಟುಕೊಳ್ಳಲು ಬಿಡಿ, ನೋಡುವ ನಮಗೂ ಸಂಕಟವಾಗುತ್ತದೆ ಎಂದೆ. ಸಣ್ಣವಳು ನಾನು, ಅಷ್ಟು ಹೇಳಬಾರದಿತ್ತೇನೋ. ಮಾಮಾ ಜೇಬಿನೊಳಗಿನ ಗುಂಡಿಗಳನ್ನು ಬೆರಳಿನಿಂದ ಆಡಿಸುತ್ತ ನಿಂತರು. “ನೋಡೂಣು,” ಎಂದಷ್ಟೇ ಹೇಳಿ ಒಳಗೆ ಹೋದರು. ಹೋಗಿ ಮತ್ತೆ ಆರು ಗುಂಡಿ ಕೊಂದರು.

ಐದನೆಯ ಕಿಮೋದ ನಂತರ ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿಗೆ ಮಾಮಾ ಮತ್ತು ನಾನು ಹೋದೆವು. ಡಾಕ್ಟರು ಒಳ್ಳೆಯವರು, ಕುರ್ಚಿ ಎಳೆದು ಹತ್ತಿರ ಕೂತು ಹೇಳಿದರು. ಲಿವರಿಗೂ ಹಬ್ಬಿದೆ, ಔಷಧ ಕೆಲಸ ಮಾಡುತ್ತಿಲ್ಲ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು, ನಾಲ್ಕು ತಿಂಗಳು ಸಿಕ್ಕರೆ ಹೆಚ್ಚು. ಮಾಮಾ ಡಾಕ್ಟರಿಗೆ ಕೈಮುಗಿದು ಹೊರಗೆ ಬಂದರು. ಆಟೋದಲ್ಲಿ ಬರುವಾಗ ನಾವಿಬ್ಬರೂ ಮಾತಾಡಿಕೊಂಡೆವು. ಸದ್ಯಕ್ಕೆ ಅಕ್ಕನಿಗೆ ಹೇಳುವುದು ಬೇಡ, ರಿಪೋರ್ಟ್ ಬರಲು ಇನ್ನೊಂದು ವಾರ ಇದೆಯೆಂದು ಹೇಳೋಣ, ಸಮಯ ನೋಡಿ ತಾನೇ ಹೇಳುತ್ತೇನೆ ಎಂದರು ಮಾಮಾ. ನಾನು ಒಪ್ಪಿದೆ.

ಮನೆಗೆ ಬಂದಾಗ ಅಕ್ಕ ಎದ್ದು ಕುಳಿತಿದ್ದಳು, ಫರಸಿಯನ್ನು ಒರೆಸಿ ಇಟ್ಟಿದ್ದಳು. ಏನಾಯಿತೆಂದು ಕೇಳಿದಳು. ಮಾಮಾ ಒಂದು ವಾರದ ಮಾತು ಹೇಳಿದರು. ಚೆನ್ನಾಗಿಯೇ ಹೇಳಿದರು, ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದು, ಗಂಜಿ ಕಾಯಿಸಿ ತಂದೆ. ಅಷ್ಟರಲ್ಲಿ ಆಟ ಶುರುವಾಗಿತ್ತು.

ಬಾಗಿಲ ಹತ್ತಿರ ಕುಳಿತು ನೋಡಿದೆ. ಅಕ್ಕನ ಎರಡು ಗುಂಡಿ ಮಣೆಯ ಅಂಚಿನಲ್ಲಿ ಅನಾಥವಾಗಿ ಕುಳಿತಿದ್ದವು. ನನ್ನಂಥವಳಿಗೂ ಕಾಣುವಷ್ಟು ದುರ್ಬಲ. ಮಾಮಾ ಬೀಜ ಎತ್ತಿದರು, ಅವುಗಳನ್ನು ನೋಡಿದರು, ಕೈ ಒಯ್ದು ದೂರದ ತಮ್ಮ ಮೂಲೆಯಲ್ಲಿ ಇಟ್ಟರು. ಅಕ್ಕ ಇನ್ನೊಂದು ಗುಂಡಿ ಇಟ್ಟಳು. ಮಾಮಾ ಮತ್ತೆ ಬೇರೆ ಕಡೆ ಇಟ್ಟರು. ಹೀಗೆ ಎಂಟು ಹತ್ತು ಸಲ. ಕಿವಿ ಕೆಂಪಿಲ್ಲ, ಕುತ್ತಿಗೆಯ ನರ ಇಲ್ಲ. ಅಷ್ಟು ವರ್ಷ ಅಕ್ಕ ಕಲಿಸಲಾಗದ ಸೌಮ್ಯ ಆಟವನ್ನು ಮಾಮಾ ಅಂದು ಆಡಿದರು. ನಾನೆಂಥ ದಡ್ಡಿ ನೋಡಿ! ನನ್ನ ಮಾತು ಕೊನೆಗೂ ಕೇಳಿದರಲ್ಲ ಎಂದು ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು.

ಅಕ್ಕ ಮುಂದಿನ ಗುಂಡಿ ಎತ್ತಿದವಳು ಇಡಲಿಲ್ಲ. ಮಣೆ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

“ರಿಪೋರ್ಟ್ ಬಂತೇನ್ರೀ?”

ಮಾಮಾ ಕೈಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕತೊಡಗಿದರು.

“ಎಷ್ಟ್ ದಿನಾ ಅಂದ್ರು?”

“ನಾಕ್ ತಿಂಗಳ,” ಎಂದರು ಮಾಮಾ. ಕೊನೆಯ ಬೀಜ ಹಾಕಿ, “ಹೆಚ್ಚಂದ್ರ,” ಎಂದರು.

ನನ್ನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಕ್ಕ ನೀರು ಕೇಳಿದಳು. ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ತೆರೆದು ಹೇಳಿದಳು: “ನನ್ ಮ್ಯಾಲ ಕನಿಕರಾ ಮಾಡಾಕ ಊರ್ ಮಂದಿ ಅದಾರ. ನೀವ್ ಸರಿಯಾಗಿ ಆಡ್ರಿ.”

ಮಾಮಾ ಆಡಿದರು. ಅಂಚಿನ ಆ ಗುಂಡಿಗಳ ಕುತ್ತಿಗೆಗೆ ಬೀಜ ಇಟ್ಟರು. ಎರಡು ಸಲ ಗೆರೆ ತಪ್ಪಿತು, ಅಕ್ಕನೇ ಬೆರಳಿನಿಂದ ಸರಿಪಡಿಸಿದಳು. ಅಂದು ಅಕ್ಕ ಸೋತಳು. ಬಹಳ ದೊಡ್ಡ ಅಂತರದಲ್ಲಿ ಸೋತಳು. ನಾನು ಬಸ್ಸಿನಲ್ಲಿ ಕಮಲಾಪುರದ ತನಕ ಅಳುತ್ತ ಬಂದೆ. ಆ ಒಂದು ವಾರದ ನೆಮ್ಮದಿಯನ್ನು ಅಕ್ಕನಿಂದ ಕಿತ್ತುಕೊಂಡದ್ದು ನನ್ನ ಬುದ್ಧಿಮಾತು ಎಂಬುದು ಈಗಲೂ ನನ್ನ ಹೊಟ್ಟೆಯಲ್ಲಿ ಕೂತಿದೆ. ಮಾಮಾ ಒಮ್ಮೆಯೂ ಹಾಗೆ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಮಾಮಾ ಬದಲಾದರು. ಮಣೆಯ ಮೇಲಿನ ಮನುಷ್ಯ ಎದ್ದು ಬೀದಿಗೆ ಬಂದ. ಡಾಕ್ಟರರ ಹತ್ತಿರ ಹೋಗಿ ಜಗಳವಾಡಿದರು. ಒಂದು ಇಂಜೆಕ್ಷನ್ ನಾಳೆ ಬರುತ್ತದೆ ಎಂದ ಔಷಧ ಅಂಗಡಿಯವನ ಕೌಂಟರ್ ಗುದ್ದಿದರು. ನೋಡಲು ಬಂದು ಅತ್ತ ನಮ್ಮ ಸೋದರತ್ತೆಯನ್ನು, ಸಾಯುವವರ ಮನೆಗೆ ಬಂದಿಲ್ಲ ನೀವು ಎಂದು ಎಬ್ಬಿಸಿ ಕಳಿಸಿದರು. ಜಿರಲೆಗೆ ದಾರಿ ಬಿಡುವ ಮನುಷ್ಯ! ಸೊಲ್ಲಾಪುರದಲ್ಲಿ ಒಬ್ಬ ಡಾಕ್ಟರು ಇದ್ದಾರೆಂದು ಅಕ್ಕನನ್ನು ಕರೆದೊಯ್ದರು. ಅಲ್ಲೂ ಅದೇ ಮಾತು. ಹೈದರಾಬಾದಿಗೆ ಕರೆದೊಯ್ದರು. ಅಲ್ಲೂ ಅದೇ. ಬಂದವಳು ಮೂರು ದಿನ ಮಂಚ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಮಾಮಾ ಮುಂಬೈಗೆ ರೈಲು ಟಿಕೆಟ್ ಮಾಡಿಸಿಕೊಂಡು ಬಂದರು.

ಅಂದೂ ಭಾನುವಾರ, ನಾನಿದ್ದೆ. ಅಕ್ಕ ಟಿಕೆಟ್ ನೋಡಿ, ಬರುವುದಿಲ್ಲ ಎಂದಳು. ಮಾಮಾ ಕೂಗಾಡಿದರು. ಅಷ್ಟು ದೊಡ್ಡ ದನಿ ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಕ್ಕ ಕೂಗು ಮುಗಿಯುವ ತನಕ ಕಾಯ್ದು, ದಣಿದ ದನಿಯಲ್ಲಿ ಹೇಳಿದಳು:

“ಎಲ್ಲಾದಕ್ಕೂ ಹಂಗ ಬೆನ್ನ ಹತ್ತಬಾರದ್ರಿ. ಕಳಕೊಂಡಿದ್ದರ ಹಿಂದ ಓಡಿ, ಉಳದಿದ್ದೂ ಕಳಕೋತೀರಿ.”

“ಇದು ಆಟ ಅಲ್ಲ,” ಎಂದರು ಮಾಮಾ.

“ಗೊತ್ತದ. ಅದಕ್ಕೇ ಹೇಳಾಕತ್ತೀನಿ.”

ಮಾಮಾ ಚಪ್ಪಲಿ ಮೆಟ್ಟಿ ಹೊರಟುಹೋದರು. ಎಲ್ಲಿಗೆ ಹೋದರೆಂದು ನನಗೆ ಗಾಬರಿ. ಅಕ್ಕ ಮಾತ್ರ, ಬರುತ್ತಾರೆ, ಅನ್ನಕ್ಕಿಡು ಎಂದಳು. ಒಂದೂವರೆ ಗಂಟೆ ಬಿಟ್ಟು ಬಂದರು. ಟಿಕೆಟ್ ರದ್ದು ಮಾಡಿಸಿದ್ದರು. ಅಕ್ಕನ ಕಾಲ ಹತ್ತಿರ ಕೂತು, ಏನು ಬೇಕು ನಿನಗೆ ಎಂದು ಕೇಳಿದರು. ಅಕ್ಕನಿಗೆ ಬೇಕಾಗಿದ್ದು ಬಹಳ ಸಣ್ಣದು. ಆಸ್ಪತ್ರೆಯ ವಾಸನೆ ಇಲ್ಲದ ಕಡೆ ಇರಬೇಕು, ತಂಗಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಶಾಲೆಗೆ ಹೋಗುವ ಮಕ್ಕಳನ್ನು ನೋಡಬೇಕು. ಹೀಗೆ ಅವರಿಬ್ಬರೂ ಕಮಲಾಪುರಕ್ಕೆ ಬಂದರು.

ಏಳು ವಾರ ಇದ್ದಳು. ಮಾಮಾ ರಜೆ ಹಾಕಿದರು. ದಿನಾ ಮುಂಜಾನೆ ಅಕ್ಕನನ್ನು ಎತ್ತಿ ತಂದು ಕಟ್ಟೆಯ ಮೇಲೆ ದಿಂಬು ಕೊಟ್ಟು ಕೂರಿಸುತ್ತಿದ್ದರು. ನಮ್ಮ ಶಾಲೆಯ ಮಕ್ಕಳು ಹೋಗುತ್ತ ಬರುತ್ತ ಅವಳಿಗೆ ಮಗ್ಗಿ ಒಪ್ಪಿಸುತ್ತಿದ್ದರು, ತಪ್ಪಿದವರಿಗೆ ಬಾಳೆಹಣ್ಣು ಸಿಗುತ್ತಿತ್ತು. ಹೀಗಾಗಿ ಹದಿನೇಳರ ಮಗ್ಗಿ ನಮ್ಮ ಶಾಲೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಬರುವುದಿಲ್ಲ. ಆಟ ನಡೆಯುತ್ತಿತ್ತು, ದಿನದಿಂದ ದಿನಕ್ಕೆ ಸಣ್ಣದಾಗುತ್ತ. ಮೊದಲು ಪೂರ್ತಿ ಆಟ, ಆಮೇಲೆ ಅರ್ಧ, ಆಮೇಲೆ ಒಂದು ಮೂಲೆ. ಅಕ್ಕ ಹೇಳಿದಂತೆ ಮಾಮಾ ಸರಿಯಾಗಿಯೇ ಆಡಿದರು. ಕೊನೆಕೊನೆಗೆ ಅಕ್ಕ ಜಾಗವನ್ನು ಬೆರಳಿನಿಂದ ತೋರಿಸುತ್ತಿದ್ದಳು, ಅವಳ ಗುಂಡಿಯನ್ನೂ ಮಾಮಾನೇ ಇಟ್ಟು, ತಾವೇ ಸುತ್ತುವರಿದು, ತಾವೇ ಎತ್ತುತ್ತಿದ್ದರು. ಒಂದು ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಶಾಲೆಯಲ್ಲಿದ್ದಾಗ ಮನೆಯಿಂದ ಕರೆ ಬಂತು.

ಕಮಲಾಪುರ ಮಾಮಾನ ಹುಟ್ಟೂರೆಂದು ಹೇಳಿದೆನಲ್ಲ. ಊರಾಚೆ ಅವರಪ್ಪನ ಹೊಲ ಇದೆ. ಅರ್ಧ ಮಾಮಾನ ಪಾಲು, ಅರ್ಧ ತಮ್ಮನದು. ತಮ್ಮನೇ ಎರಡನ್ನೂ ಉಳುತ್ತಾನೆ. ಅಲ್ಲೇ ಮಣ್ಣು ಕೊಡುವುದೆಂದಾಯಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಕ್ಕನಿಗೆ ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಮುಡಿಸಿ, ಕುರ್ಚಿಯಲ್ಲಿ ಕೂರಿಸಿ ಭಜನೆಯೊಂದಿಗೆ ಹೊಲಕ್ಕೆ ತಂದೆವು. ಬೇವಿನ ಮರದ ಹತ್ತಿರ ಒಂದು ಜಾಗವನ್ನು ಮಾಮಾ ತೋರಿಸಿದರು. ಗುದ್ದಲಿ ಬೀಳುವಷ್ಟರಲ್ಲಿ ಮಾಮಾನ ತಮ್ಮ ಮುಂದೆ ಬಂದ. ಅದು ತನ್ನ ಪಾಲಿನೊಳಗೆ ಎರಡು ಹೆಜ್ಜೆ ಬರುತ್ತದೆ, ನಾಳೆ ಅಲ್ಲಿ ಬೋರ್‌ವೆಲ್ ಹಾಕಿಸುವವನಿದ್ದೇನೆ, ಆ ಕಡೆ ಸರಿಯಿರಿ ಎಂದ. ಭಜನೆ ನಿಂತಿತು. ನೂರು ಜನರ ಎದುರು ಹಾಗೆ ಅಂದ.

ಊರಿಗೆಲ್ಲ ಗಡಿ ತೋರಿಸಿದ ಮನುಷ್ಯನಿಗೆ ತನ್ನದೇ ಹೊಲದ ಗಡಿ ಗೊತ್ತಿರುವುದಿಲ್ಲವೇ? ನಾನು ಮಾಮಾನ ಮುಖ ನೋಡಿದೆ. ಕಿವಿ ಕೆಂಪಾಯಿತು. ಕುತ್ತಿಗೆಯ ನರ ಎದ್ದಿತು. ಈಗ ಬಿತ್ತು ನೋಡು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಬೀಳಲಿ ಎಂದೇ ಬಯಸಿದೆ. ಅವನನ್ನು ಅಲ್ಲೇ ನೆಲಕ್ಕೆ ಕೆಡವಲಿ ಎಂದು ಹಲ್ಲು ಕಚ್ಚಿ ನಿಂತೆ. ಹಿರಿಯರು ಯಾರೋ ತಮ್ಮನನ್ನು ಗದರಿದರು, ಅವನು ಜಗ್ಗಲಿಲ್ಲ. ಮಾಮಾ ಒಂದು ಸಲ ತಿರುಗಿ ಅಕ್ಕನ ಕಡೆ ನೋಡಿದರು. ಆಮೇಲೆ ಮೂರು ಹೆಜ್ಜೆ ಹಿಂದೆ ಸರಿದು, ಮರದ ನೆರಳು ಬೀಳದ ಕಡೆ ನಿಂತು, ಕಾಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದರು. “ಇಲ್ಲಿ ಅಗೀರಿ,” ಎಂದರು.

ಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಮಾಮಾ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ನನಗೆ ಇನ್ನೂ ಸಿಟ್ಟು ಆರಿರಲಿಲ್ಲ. ಪಕ್ಕದಲ್ಲಿ ಕೂತು, ಆ ಬೇವಿನ ಮರದ ಜಾಗ ನಿಜವಾಗಿ ಯಾರದೆಂದು ಕೇಳಿದೆ.

“ನಂದೇ,” ಎಂದರು. “ಹತ್ತ ಸಲ ಅಳದೀನಿ.”

“ಮತ್ಯಾಕ್ ಸುಮ್ನಾದ್ರಿ ಮಾಮಾ?”

ಶಾಲೆ ಬಿಟ್ಟ ಮಕ್ಕಳು ಕಟ್ಟೆಯ ಹತ್ತಿರ ಬಂದು, ಖಾಲಿ ದಿಂಬು ನೋಡಿ, ಮಗ್ಗಿ ಒಪ್ಪಿಸದೆ ಮುಂದೆ ಹೋದರು.

“ಆಕಿ ಅಲ್ಲೇ ಎದುರಿಗಿ ಕುಂತಿದ್ಲಲ್ಲ,” ಎಂದರು ಮಾಮಾ. “ಆಕಿ ಮುಂದ ಹ್ಯಾಂಗ ಜಗಳಾ ಆಡ್ಲಿ?”